ಸೇರು, ಲೀಟರ್, ಕಿಲೋ: ಆಹಾರ ಪದಾರ್ಥಗಳ ಅಳತೆ ಮತ್ತು ತೂಕದ ಪರಿವರ್ತನೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಇರುವ ಕೆಂಗಲ್, ಅದರ ಆಚೀಚಿನ ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ರೇಷ್ಮೆಗೆ ಹೆಸರಾದಂತೆಯೇ ರಾಗಿ, ಮಾವು, ತೆಂಗು ಮತ್ತು ಹಾಲಿಗೂ ಹೆಸರಾಗಿವೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಪಡೆದ ಈ ಪ್ರದೇಶದಲ್ಲಿ ಹಿಟ್ಟಿನ ಗಿರಣಿ, ಗಾಣದ ಎಣ್ಣೆ, ಹುರಿಹಿಟ್ಟು, ಸಾಂಬಾರ್ ಪುಡಿ, ಉಪ್ಪಿನಕಾಯಿ, ಕುರುಕು ತಿಂಡಿ ಮುಂತಾದವುಗಳ ಸಣ್ಣ ಘಟಕಗಳೂ, ಹೆದ್ದಾರಿಯ ಉದ್ದಕ್ಕೂ ಉಪಾಹಾರ ಮಂದಿರಗಳೂ ಇವೆ. ಈ ಎಲ್ಲ ಉದ್ಯಮಗಳಿಗೂ ಸಮಾನವಾದ ಒಂದು ತೊಡಕಿದೆ. ಒಂದೇ ಪದಾರ್ಥವು ಒಂದು ಕಡೆ ತೂಕದಲ್ಲಿಯೂ ಇನ್ನೊಂದು ಕಡೆ ಅಳತೆಯಲ್ಲಿಯೂ ಲೆಕ್ಕಕ್ಕೆ ಬರುತ್ತದೆ.

ರೈತನ ಮನೆಯಲ್ಲಿ ಸೇರು ಮತ್ತು ಕೊಳಗಗಳಲ್ಲಿ ಅಳೆದ ರಾಗಿಯು ಮಂಡಿಯಲ್ಲಿ ಕ್ವಿಂಟಾಲ್ ಆಗುತ್ತದೆ. ಅಡುಗೆಯವನ ಕೈಯಲ್ಲಿ ಪಾವು ಆಗುತ್ತದೆ, ಪೊಟ್ಟಣದ ಮೇಲೆ ಗ್ರಾಂ ಆಗುತ್ತದೆ. ಎಣ್ಣೆಯು ಖರೀದಿ ಬಿಲ್ಲಿನಲ್ಲಿ ಲೀಟರ್ ಆಗಿದ್ದು ದಾಸ್ತಾನು ಪುಸ್ತಕದಲ್ಲಿ ಕಿಲೋ ಆಗುತ್ತದೆ. ಹೀಗೆ ಏಕಮಾನ ಬದಲಾಗುವ ಪ್ರತಿಯೊಂದು ಹಂತದಲ್ಲಿಯೂ ಲಾಭ ಸೋರಿಹೋಗುವ ಅಥವಾ ಕಾನೂನಿನ ತೊಡಕು ಒಳನುಸುಳುವ ಸಂಭವವಿದೆ. ಈ ಪರಿವರ್ತನೆಯನ್ನು ಶಾಸ್ತ್ರೀಯವಾಗಿಯೂ ಸುಲಭವಾಗಿಯೂ ಮಾಡುವ ವಿಧಾನವನ್ನು, ಲೆಕ್ಕಪತ್ರಗಳ ಮೇಲೆ ಅದರಿಂದಾಗುವ ಪರಿಣಾಮವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಸೇರು ಎಂಬ ಒಂದು ಹೆಸರು, ಎರಡು ಅರ್ಥ

ನಮ್ಮ ಹಿಂದಿನ ಪದ್ಧತಿಯಲ್ಲಿ ಸೇರು ಎಂಬ ಪದವು ತೂಕಕ್ಕೂ ಅಳತೆಗೂ ಬಳಕೆಯಲ್ಲಿತ್ತು. ಹಳೆಯ ಮೈಸೂರಿನಲ್ಲಿ ತೂಕದ ಕಚ್ಚಾ ಸೇರು 24 ತೊಲದ್ದು. ಅಂತಹ 40 ಸೇರು ಒಂದು ಮಣ, ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 11.2 ಕಿಲೋ. 1939ರ ತೂಕಮಾನ ಕಾಯ್ದೆಯ ಪ್ರಕಾರ ಸೇರು 80 ತೊಲ, ಎಂದರೆ ಸುಮಾರು 933 ಗ್ರಾಂ. ಅದರ 40 ಸೇರಿನ ಮಣ ಸುಮಾರು 37.3 ಕಿಲೋ. ಧಾನ್ಯ ಅಳೆಯುವ ಸೇರು ಇವೆರಡಕ್ಕಿಂತಲೂ ಬೇರೆ. ಅದು ಪಾತ್ರೆಯ ಗಾತ್ರ. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ಸಾಮಾನ್ಯವಾಗಿದ್ದರೂ ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿನಿಂದ ಊರಿಗೆ ಬೇರೆಯಾಗುತ್ತಿತ್ತು. ಅದರ ಮೇಲೆ ತಲೆ ಸವರಿದ ಸೇರು ಬೇರೆ, ಗೋಪುರದಂತೆ ರಾಶಿ ಕಟ್ಟಿದ ಸೇರು ಬೇರೆ.

1956ರ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿಯು ಜಾರಿಗೆ ಬಂದು, 1960ರ ದಶಕದಲ್ಲಿ ವ್ಯಾಪಾರದಲ್ಲಿ ನೆಲೆಗೊಂಡಿತು. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಇದರ 11ನೆಯ ಪ್ರಕರಣದ ಮೇರೆಗೆ ಬೆಲೆಪಟ್ಟಿ, ಬಿಲ್ಲು, ಜಾಹೀರಾತು ಮತ್ತು ವ್ಯವಹಾರಗಳಲ್ಲಿ ಮಾನಕ ಏಕಮಾನಗಳನ್ನಲ್ಲದೆ ಬೇರೆಯದನ್ನು ಬಳಸುವಂತಿಲ್ಲ. ಆದರೂ ಅಡುಗೆಮನೆಯಲ್ಲಿ ಪಾವು ಇನ್ನೂ ಜೀವಂತವಾಗಿದೆ. ಅದರ ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಜೀವಂತವಾಗಿದೆ. ಪಾವು ಎಂದರೆ ಕಾಲು ಕಿಲೋ, ಸೇರು ಎಂದರೆ ಒಂದು ಕಿಲೋ ಎಂಬುದೇ ಆ ತಿಳಿವಳಿಕೆ.

ಇಂದು ಬಳಕೆಯಲ್ಲಿರುವ ಪಾವಿನ ಪಾತ್ರೆಯು ಸುಮಾರು 250 ಮಿಲಿಲೀಟರ್ ಹಿಡಿಯುತ್ತದೆ ಎಂದು ಇಟ್ಟುಕೊಳ್ಳೋಣ. ಅದರಲ್ಲಿ ತಲೆ ಸವರಿ ಅಳೆದ ಅಕ್ಕಿಯ ತೂಕ ಸುಮಾರು 205 ಗ್ರಾಂ ಮಾತ್ರ. ಅದೇ ಪಾವಿನಲ್ಲಿ ಪುಡಿ ಉಪ್ಪು ತುಂಬಿದರೆ ಸುಮಾರು 300 ಗ್ರಾಂ, ಗಟ್ಟಿ ಅವಲಕ್ಕಿ ತುಂಬಿದರೆ ಸುಮಾರು 100 ಗ್ರಾಂ. ಪಾತ್ರೆ ಒಂದೇ ಆದರೂ ತೂಕ ಮೂರು ಬಗೆ. ಆದಕಾರಣ ಅಳತೆಯನ್ನು ತೂಕಕ್ಕೆ ತಿರುಗಿಸಲು ಎಲ್ಲ ಪದಾರ್ಥಗಳಿಗೂ ಅನ್ವಯಿಸುವ ಒಂದೇ ಅಂಕಿ ಇಲ್ಲ. ಪ್ರತಿಯೊಂದು ಪದಾರ್ಥಕ್ಕೂ ಅದರದೇ ಆದ ಅಂಕಿ ಬೇಕು.

ಲೀಟರ್ ತೂಕ

ಈ ಅಂಕಿಯನ್ನು ನಾವು ಅನುಕೂಲಕ್ಕಾಗಿ ಲೀಟರ್ ತೂಕ ಎಂದು ಕರೆಯೋಣ. ಒಂದು ಲೀಟರ್ ಪಾತ್ರೆಯಲ್ಲಿ, ಅದುಮದೆ, ತಲೆ ಸವರಿ ತುಂಬಿದಾಗ ಆ ಪದಾರ್ಥವು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಲೀಟರ್ ತೂಕ. ವಿಜ್ಞಾನದಲ್ಲಿ ಸಾಂದ್ರತೆ ಎನ್ನುವುದು ಇದರ ಸಂಬಂಧಿಯೇ. ಆದರೆ ಕಾಳು ಮತ್ತು ಹಿಟ್ಟುಗಳ ವಿಷಯದಲ್ಲಿ ಕಣಗಳ ನಡುವಿನ ಗಾಳಿಯೂ ಪಾತ್ರೆಯಲ್ಲಿ ಜಾಗ ಹಿಡಿಯುವುದರಿಂದ, ನಮಗೆ ಬೇಕಾದದ್ದು ಗಾಳಿ ಸೇರಿದ ರಾಶಿಯ ಸಾಂದ್ರತೆ.

ರಾಮನಗರದ ರೇಷ್ಮೆ ನೂಲು ಬಿಚ್ಚಣಿಕೆದಾರರಿಗೆ ಇಂತಹ ಅಂಕಿ ಹೊಸದೇನೂ ಅಲ್ಲ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕು ಎಂಬ ರೆಂಡಿಟ್ಟಾ ಲೆಕ್ಕವನ್ನು ಅವರು ಪ್ರತಿ ಲಾಟಿಗೂ ಹಾಕುತ್ತಾರೆ. ಎಲ್ಲ ಗೂಡಿಗೂ ಒಂದೇ ರೆಂಡಿಟ್ಟಾ ಎಂದು ಹೇಳುವ ಬಿಚ್ಚಣಿಕೆದಾರನು ಮಾರುಕಟ್ಟೆಯಲ್ಲಿ ಹೆಚ್ಚು ದಿನ ಉಳಿಯಲಾರನು. ಲೀಟರ್ ತೂಕವೂ ಅಂತಹದೇ. ಅದನ್ನು ಲಾಟಿಗೆ ತಕ್ಕಂತೆ ಪರೀಕ್ಷಿಸಿ ಬರೆದಿಡಬೇಕಾಗುತ್ತದೆ.

ಸೂತ್ರಗಳು ಎರಡೇ:

1. ತೂಕ (ಗ್ರಾಂ) = ಅಳತೆ (ಲೀಟರ್) × ಲೀಟರ್ ತೂಕ
2. ಅಳತೆ (ಲೀಟರ್) = ತೂಕ (ಗ್ರಾಂ) ÷ ಲೀಟರ್ ತೂಕ

ಸಾಮಾನ್ಯ ಪದಾರ್ಥಗಳ ಲೀಟರ್ ತೂಕ ಸುಮಾರಾಗಿ ಈ ಮಿತಿಗಳಲ್ಲಿ ಇರುತ್ತದೆ (ಗ್ರಾಂಗಳಲ್ಲಿ):

ನೀರು – 1000 (30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ 996)
ಹಾಲು – 1030
ಜೇನುತುಪ್ಪ – 1400ರಿಂದ 1430
ಖಾದ್ಯ ತೈಲಗಳು – 910ರಿಂದ 920
ಕರಗಿದ ತುಪ್ಪ – 900ರಿಂದ 910
ಪುಡಿ ಉಪ್ಪು – 1150ರಿಂದ 1250
ಸಕ್ಕರೆ – 830ರಿಂದ 880
ಅಕ್ಕಿ – 780ರಿಂದ 850
ಉದ್ದಿನ ಬೇಳೆ, ತೊಗರಿ ಬೇಳೆ – 780ರಿಂದ 850
ರಾಗಿ ಕಾಳು – 750ರಿಂದ 820
ರಾಗಿ ಹಿಟ್ಟು, ಗೋಧಿ ಹಿಟ್ಟು – 500ರಿಂದ 650
ಮೆಣಸಿನ ಪುಡಿ, ಧನಿಯ ಪುಡಿ – 350ರಿಂದ 500
ಗಟ್ಟಿ ಅವಲಕ್ಕಿ – 330ರಿಂದ 450

ಈ ಪಟ್ಟಿಯಲ್ಲಿ ದ್ರವಗಳ ಮಿತಿ ಕಿರಿದಾಗಿಯೂ ಹಿಟ್ಟು ಮತ್ತು ಪುಡಿಗಳ ಮಿತಿ ವಿಶಾಲವಾಗಿಯೂ ಇರುವುದನ್ನು ಓದುಗರು ಗಮನಿಸಬೇಕು. ಬೀಸಿದ ಕೂಡಲೇ ಹಿಟ್ಟು ಗಾಳಿಯಿಂದ ಉಬ್ಬಿರುತ್ತದೆ. ಅದೇ ಹಿಟ್ಟು ಚೀಲದಲ್ಲಿ ಎರಡು ದಿನ ಕುಳಿತರೆ ಅಥವಾ ಲಾರಿಯಲ್ಲಿ ಕುಲುಕಿದರೆ ಗಟ್ಟಿಯಾಗಿ ತಳ ಸೇರುತ್ತದೆ. ಬೀಸುವ ನುಣುಪು, ತೇವಾಂಶ, ಸುರಿಯುವ ಎತ್ತರ ಇವೆಲ್ಲವೂ ಅಂಕಿಯನ್ನು ಬದಲಿಸುತ್ತವೆ. ಆದುದರಿಂದ ಮೇಲಿನ ಪಟ್ಟಿಯು ದಿಕ್ಕು ತೋರಿಸಲು ಮಾತ್ರ. ಬೆಲೆ ಕಟ್ಟುವುದಕ್ಕೂ ಪೊಟ್ಟಣ ತುಂಬುವುದಕ್ಕೂ ಪ್ರತಿಯೊಂದು ಘಟಕವು ತನ್ನದೇ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳತಕ್ಕದ್ದು.

ಸ್ವಂತ ಪಟ್ಟಿಯನ್ನು ಸಿದ್ಧಪಡಿಸುವ ಕ್ರಮ

ಇದಕ್ಕೆ ಪ್ರಯೋಗಾಲಯದ ಅಗತ್ಯವಿಲ್ಲ. ಸತ್ಯಾಪನೆಯಾಗಿ ಮುದ್ರೆ ಬಿದ್ದಿರುವ ಒಂದು ಎಲೆಕ್ಟ್ರಾನಿಕ್ ತಕ್ಕಡಿ, ನೇರ ಅಂಚಿನ ಒಂದು ಸ್ಟೀಲ್ ಪಾತ್ರೆ, ಒಂದು ಅಳತೆಪಟ್ಟಿ ಸಾಕು.

ಮೊದಲು ಪಾತ್ರೆಯ ನಿಜವಾದ ಗಾತ್ರವನ್ನು ಕಂಡುಕೊಳ್ಳಬೇಕು. ಖಾಲಿ ಪಾತ್ರೆಯನ್ನು ತೂಗಿ, ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಬೇಕು. ಎರಡು ತೂಕಗಳ ವ್ಯತ್ಯಾಸವು ಎಷ್ಟು ಗ್ರಾಂ ಇದೆಯೋ ಪಾತ್ರೆಯ ಗಾತ್ರವು ಹೆಚ್ಚುಕಡಿಮೆ ಅಷ್ಟೇ ಮಿಲಿಲೀಟರ್. ನಮ್ಮ ಭಾಗದ ಬೇಸಿಗೆಯ ಉಷ್ಣಾಂಶದಲ್ಲಿ 996 ಗ್ರಾಂ ನೀರು ಹಿಡಿದರೆ ಅದು 1000 ಮಿಲಿಲೀಟರಿನ ಪಾತ್ರೆ ಎಂದು ತಿಳಿಯಬಹುದು.

ಅನಂತರ ಪದಾರ್ಥವನ್ನು ಪ್ರತಿಸಲವೂ ಒಂದೇ ಎತ್ತರದಿಂದ, ಪಾತ್ರೆಯನ್ನು ಕುಲುಕದೆ ಸುರಿದು, ಅಳತೆಪಟ್ಟಿಯಿಂದ ತಲೆ ಸವರಿ ತೂಗಬೇಕು. ಚೀಲದ ಮೇಲ್ಭಾಗ, ನಡುಭಾಗ ಮತ್ತು ತಳಭಾಗಗಳಿಂದ ಮಾದರಿ ತೆಗೆದು ಕನಿಷ್ಠ ಐದು ಸಲ ಹೀಗೆ ಮಾಡಬೇಕು. ಉದಾಹರಣೆಗೆ ರಾಗಿ ಹಿಟ್ಟಿನ ಐದು ತೂಕಗಳು 548, 561, 556, 566 ಮತ್ತು 569 ಗ್ರಾಂ ಬಂದವು ಎನ್ನೋಣ. ಒಟ್ಟು 2800, ಸರಾಸರಿ 560 ಗ್ರಾಂ. ಇದು ಆ ಹಿಟ್ಟಿನ ಲೀಟರ್ ತೂಕ.

ಇಷ್ಟಕ್ಕೇ ನಿಲ್ಲಬಾರದು. ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ತೂಕಗಳ ಅಂತರವನ್ನೂ ನೋಡಬೇಕು. ಮೇಲಿನ ಉದಾಹರಣೆಯಲ್ಲಿ ಅಂತರ 21 ಗ್ರಾಂ, ಎಂದರೆ ಸರಾಸರಿಯ ಶೇಕಡ 3.75. ಈ ಅಂತರವು ಶೇಕಡ 3ನ್ನು ಮೀರಿದ ಪದಾರ್ಥವನ್ನು ಕೇವಲ ಅಳತೆಯಿಂದ ಪೊಟ್ಟಣಕ್ಕೆ ತುಂಬುವುದು ಕ್ಷೇಮಕರವಲ್ಲ. ಏಕೆಂಬುದು ಮುಂದಿನ ಉದಾಹರಣೆಗಳಿಂದ ಸ್ಪಷ್ಟವಾಗುವುದು. ಉದಾಹರಣೆಗಳಲ್ಲಿನ ಬೆಲೆಗಳು ಲೆಕ್ಕ ತಿಳಿಸುವುದಕ್ಕಾಗಿ ಮಾತ್ರ ಎಂಬುದನ್ನು ನೆನಪಿನಲ್ಲಿಡಬೇಕು.

ಉದಾಹರಣೆ 1: ಹುರಿಹಿಟ್ಟಿನ ಪೊಟ್ಟಣ

ರಾಗಿ ಹುರಿಹಿಟ್ಟನ್ನು 500 ಗ್ರಾಂ ಪೊಟ್ಟಣಗಳಲ್ಲಿ ಮಾರುವ ಒಂದು ಘಟಕವು ಕಪ್ ಫಿಲ್ಲರ್ ಎಂದು ಕರೆಯಲಾಗುವ ಯಂತ್ರವನ್ನು ಬಳಸುತ್ತದೆ. ಈ ಯಂತ್ರವು ಹಿಟ್ಟನ್ನು ತೂಗುವುದಿಲ್ಲ. ನಿಗದಿಪಡಿಸಿದ ಗಾತ್ರದ ಬಟ್ಟಲಿನಿಂದ ಅಳೆದು ಸುರಿಯುತ್ತದೆ. ಲೀಟರ್ ತೂಕ 560 ಗ್ರಾಂ ಇದ್ದ ದಿನ ಬಟ್ಟಲನ್ನು 900 ಮಿಲಿಲೀಟರಿಗೆ ನಿಲ್ಲಿಸಲಾಯಿತು. ಪೊಟ್ಟಣದ ತೂಕ 504 ಗ್ರಾಂ. ಎಲ್ಲವೂ ಸರಿಯಾಗಿದೆ.

ಮರುವಾರ ಹಿಟ್ಟು ಇನ್ನಷ್ಟು ನುಣ್ಣಗೆ ಬಂದು, ಉಬ್ಬಿ, ಲೀಟರ್ ತೂಕ 530ಕ್ಕೆ ಇಳಿಯಿತು. ಬಟ್ಟಲು ಮಾತ್ರ ಅಷ್ಟೇ. ಈಗ ಪೊಟ್ಟಣದಲ್ಲಿರುವುದು 477 ಗ್ರಾಂ. 2011ರ ಪೊಟ್ಟಣ ಪದಾರ್ಥಗಳ ನಿಯಮಗಳ ಅನುಸೂಚಿಯ ಪ್ರಕಾರ 500 ಗ್ರಾಂ ಪೊಟ್ಟಣಕ್ಕೆ ಗರಿಷ್ಠ 15 ಗ್ರಾಂ ವ್ಯತ್ಯಾಸ ಮಾತ್ರ ಸಹ್ಯ. ಇಲ್ಲಿ ಕೊರತೆ 23 ಗ್ರಾಂ. ಬಿಡಿ ಪೊಟ್ಟಣದ ವ್ಯತ್ಯಾಸವು ಮಿತಿಯೊಳಗೆ ಇದ್ದ ಮಾತ್ರಕ್ಕೂ ಸಾಲದು. ತಪಾಸಣೆಗೆ ತೆಗೆದ ಮಾದರಿಗಳ ಸರಾಸರಿಯನ್ನೂ ಘೋಷಿತ ತೂಕದೊಂದಿಗೆ ಹೋಲಿಸಲಾಗುತ್ತದೆ. ಮಾಲೀಕನಿಗೆ ಮೋಸದ ಉದ್ದೇಶ ಕಿಂಚಿತ್ತೂ ಇಲ್ಲದಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ಕಡಿಮೆ ತೂಕದ ಪೊಟ್ಟಣವೇ ಸರಿ.

ಇದರ ವಿರುದ್ಧ ಪರಿಸ್ಥಿತಿಯನ್ನೂ ನೋಡೋಣ. ಹಿಟ್ಟು ಚೀಲದಲ್ಲಿ ಕುಳಿತು ಲೀಟರ್ ತೂಕ 600ಕ್ಕೆ ಏರಿದರೆ ಪೊಟ್ಟಣದಲ್ಲಿ 540 ಗ್ರಾಂ ಹೋಗುತ್ತದೆ. ಸಾವಿರ ಪೊಟ್ಟಣಕ್ಕೆ 40 ಕಿಲೋ ಹಿಟ್ಟು ಬಿಟ್ಟಿಯಾಗಿ ಹೋದಂತಾಯಿತು. ಕಿಲೋಗೆ ತಯಾರಿಕಾ ವೆಚ್ಚ 60 ರೂ. ಎಂದರೆ ನಷ್ಟ 2,400 ರೂ. ಕಡಿಮೆ ತೂಕವನ್ನು ಅಧಿಕಾರಿಯಾದರೂ ಬಂದು ಹೇಳುತ್ತಾನೆ, ಹೆಚ್ಚಿನ ತೂಕವನ್ನು ಹೇಳಲು ಯಾರೂ ಬರುವುದಿಲ್ಲ.

ಪರಿಹಾರ ಸರಳವಾಗಿದೆ. ಪ್ರತಿ ಲಾಟಿನ ಆರಂಭದಲ್ಲಿ ಲೀಟರ್ ತೂಕವನ್ನು ಪರೀಕ್ಷಿಸಿ ಬಟ್ಟಲಿನ ಗಾತ್ರವನ್ನು ಹೊಂದಿಸಬೇಕು. ಬೇಕಾದ ಗಾತ್ರವು ಎರಡನೆಯ ಸೂತ್ರದಿಂದ ದೊರೆಯುತ್ತದೆ. 504 ಗ್ರಾಂ ಗುರಿಯಾಗಿದ್ದು ಲೀಟರ್ ತೂಕ 600 ಇದ್ದರೆ 840 ಮಿಲಿಲೀಟರ್ ಸಾಕು. ಜೊತೆಗೆ ಅರ್ಧ ಗಂಟೆಗೊಮ್ಮೆ ಐದು ಪೊಟ್ಟಣಗಳನ್ನು ತೂಗಿ ಪುಸ್ತಕದಲ್ಲಿ ಬರೆಯುವ ಪದ್ಧತಿಯಿರಬೇಕು.

ಉದಾಹರಣೆ 2: ಹದಿನೈದರ ಎಣ್ಣೆ ಡಬ್ಬ

ಮಾರುಕಟ್ಟೆಯಲ್ಲಿ 15 ಕಿಲೋ ಎಣ್ಣೆಯ ಡಬ್ಬವೂ ಇದೆ, 15 ಲೀಟರ್ ಡಬ್ಬವೂ ಇದೆ. ಕುರುಕು ತಿಂಡಿ ತಯಾರಿಸುವ ಒಂದು ಘಟಕಕ್ಕೆ ತೆರಿಗೆ ಹೊರತುಪಡಿಸಿ 15 ಕಿಲೋ ಡಬ್ಬಕ್ಕೆ 2,250 ರೂ., 15 ಲೀಟರ್ ಡಬ್ಬಕ್ಕೆ 2,130 ರೂ. ದರ ಬಂದಿದೆ ಎಂದುಕೊಳ್ಳೋಣ. ಎರಡನೆಯದು 120 ರೂ. ಅಗ್ಗವೆಂದು ತೋರುತ್ತದೆ. ಎಣ್ಣೆಯ ಲೀಟರ್ ತೂಕ 915 ಗ್ರಾಂ ಆದರೆ 15 ಲೀಟರ್ ಎಂದರೆ 13.725 ಕಿಲೋ. ಕಿಲೋ ಲೆಕ್ಕದಲ್ಲಿ ಮೊದಲನೆಯದು 150 ರೂ., ಎರಡನೆಯದು 155 ರೂ. 19 ಪೈಸೆ. ಅಗ್ಗವೆಂದು ಕಂಡದ್ದೇ ತುಟ್ಟಿ.

ದರಕ್ಕಿಂತ ದೊಡ್ಡ ತೊಡಕು ಲೆಕ್ಕಪುಸ್ತಕದಲ್ಲಿದೆ. ಅಂತಹ 100 ಡಬ್ಬ ಖರೀದಿಸಿದಾಗ ಗುಮಾಸ್ತರು ದಾಸ್ತಾನು ಪುಸ್ತಕದಲ್ಲಿ 1,500 ಎಂದು ಬರೆಯುತ್ತಾರೆ. ಬಾಣಲೆಗೆ ಎಣ್ಣೆ ಕೊಡುವಾಗ ಕಿಲೋದಲ್ಲಿ ತೂಗಿ ಕೊಡುತ್ತಾರೆ. ಡಬ್ಬಗಳೆಲ್ಲ ಖಾಲಿಯಾದಾಗ ಕೊಟ್ಟದ್ದು 1,372.5 ಕಿಲೋ. ಪುಸ್ತಕದಲ್ಲಿ 127.5 ಕಿಲೋ ಕೊರತೆ ಕಾಣುತ್ತದೆ. ಇದು ಖರೀದಿಯ ಶೇಕಡ 8.5. ನಿಜವಾಗಿ ಒಂದು ತೊಟ್ಟು ಎಣ್ಣೆಯೂ ಕಳೆದಿಲ್ಲ.

ಇದರ ಪರಿಣಾಮಗಳು ಮೂರು ಬಗೆ. ಮೊದಲನೆಯದು ತೆರಿಗೆಗೆ ಸಂಬಂಧಿಸಿದ್ದು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ 17(5)(ಎಚ್) ಪ್ರಕಾರ ಕಳೆದುಹೋದ, ಕಳುವಾದ, ನಾಶವಾದ ಅಥವಾ ಪುಸ್ತಕದಿಂದ ತೆಗೆದುಹಾಕಿದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ವಿವರಣೆಯಿಲ್ಲದ ಕೊರತೆಯನ್ನು ಹೀಗೆಯೇ ಪರಿಗಣಿಸುವ ಅಪಾಯವಿದೆ. ಪುಸ್ತಕದ ದರ 142 ರೂ.ನಂತೆ ಕೊರತೆಯ ಮೌಲ್ಯ 18,105 ರೂ.; ಶೇಕಡ 5ರ ತೆರಿಗೆ 905 ರೂ. ತಿಂಗಳಿಗೊಮ್ಮೆ ಹೀಗಾದರೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚು, ಅದರ ಮೇಲೆ ಬಡ್ಡಿಯ ಪ್ರಶ್ನೆ.

ಎರಡನೆಯದು ವಿಶ್ವಾಸಾರ್ಹತೆಗೆ ಸಂಬಂಧಿಸಿದ್ದು. ದುಡಿಯುವ ಬಂಡವಾಳದ ಸಾಲಕ್ಕಾಗಿ ಬ್ಯಾಂಕಿಗೆ ಸಲ್ಲಿಸುವ ದಾಸ್ತಾನು ಪಟ್ಟಿಯಲ್ಲಿ ಇಲ್ಲದ ಎಣ್ಣೆಯು ಇದೆ ಎಂದು ತೋರಿಸಿದಂತಾಗುತ್ತದೆ. ಬ್ಯಾಂಕಿನ ಪರಿಶೀಲಕರು ಡಬ್ಬಗಳನ್ನು ಎಣಿಸಿದ ದಿನ ಉತ್ತರ ಕೊಡುವುದು ಕಷ್ಟವಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಹಾನಿಕರವಾದದ್ದು. ಪ್ರತಿ ತಿಂಗಳೂ ಶೇಕಡ 8.5 ಕೊರತೆ ಕಂಡು ಕಂಡು, ಎಣ್ಣೆಯಲ್ಲಿ ಇಷ್ಟು ಹೋಗುವುದು ಸಹಜ ಎಂದು ಮಾಲೀಕನು ಒಪ್ಪಿಕೊಂಡುಬಿಡುತ್ತಾನೆ. ಮುಂದೆ 15 ಕಿಲೋ ಡಬ್ಬವನ್ನೇ ಖರೀದಿಸಿದಾಗಲೂ ಆ ಸಹಜ ಕೊರತೆಯು ಪುಸ್ತಕದಲ್ಲಿ ಮುಂದುವರಿದರೆ, ಆಗ ಹೋಗುತ್ತಿರುವುದು ನಿಜವಾದ ಎಣ್ಣೆ. ತಪ್ಪು ಪರಿವರ್ತನೆಯ ನೆರಳಿನಲ್ಲಿ ಸೋರಿಕೆಯೂ ಕಳವೂ ಸುಖವಾಗಿ ಬೆಳೆಯುತ್ತವೆ.

ಎಣ್ಣೆಯ ವಿಷಯದಲ್ಲಿ ಉಷ್ಣಾಂಶವೂ ಮುಖ್ಯ. ಬಿಸಿಯಾದಂತೆ ಎಣ್ಣೆ ಹಿಗ್ಗುವುದರಿಂದ ಅದೇ ಒಂದು ಲೀಟರ್ ಕಡಿಮೆ ತೂಗುತ್ತದೆ. ಸೋಯಾ ಎಣ್ಣೆಯು 21 ಡಿಗ್ರಿಯಲ್ಲಿ ಲೀಟರಿಗೆ 919.1 ಗ್ರಾಂ, 60 ಡಿಗ್ರಿಯಲ್ಲಿ 892.6 ಗ್ರಾಂ ತೂಗುತ್ತದೆ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಆಗಸ್ಟ್‌ನಲ್ಲಿ ತಿಳಿಸಿತು. ಕೆಲವು ತಯಾರಕರು ಲೇಬಲ್ಲಿನ ಮೇಲೆ ಹೆಚ್ಚಿನ ಉಷ್ಣಾಂಶವನ್ನು ನಮೂದಿಸಿ ಕಡಿಮೆ ತೂಕದ ಎಣ್ಣೆಯನ್ನು ಒಂದು ಲೀಟರ್ ಎಂದು ಮಾರುತ್ತಿದ್ದುದೇ ಇದಕ್ಕೆ ಕಾರಣ. ಗಾತ್ರವನ್ನು ಉಷ್ಣಾಂಶದ ನಮೂದಿಲ್ಲದೆ ಘೋಷಿಸಿ, ಜೊತೆಗೆ ತೂಕವನ್ನೂ ನಮೂದಿಸಬೇಕೆಂದು, ಲೇಬಲ್ಲುಗಳನ್ನು 2023ರ ಜನವರಿ 15ರೊಳಗೆ ತಿದ್ದಬೇಕೆಂದು ಇಲಾಖೆಯು ನಿರ್ದೇಶಿಸಿತು. ಗಾಣದ ಎಣ್ಣೆಯನ್ನು ಬಾಟಲಿಗೆ ತುಂಬುವ ನಮ್ಮ ಸಣ್ಣ ಘಟಕಗಳೂ ಗಾತ್ರ ಮತ್ತು ತೂಕ ಎರಡನ್ನೂ ಮುದ್ರಿಸತಕ್ಕದ್ದು. ಖರೀದಿದಾರರು ಡಬ್ಬದ ಮೇಲಿನ ತೂಕವನ್ನೇ ದಾಸ್ತಾನಿಗೆ ಆಧಾರವಾಗಿ ತೆಗೆದುಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಜೇನುತುಪ್ಪದ ಲೆಕ್ಕ ಇದಕ್ಕೆ ವಿರುದ್ಧ. ಅರ್ಧ ಲೀಟರ್ ಬಾಟಲಿಯಲ್ಲಿ ಸುಮಾರು 700 ಗ್ರಾಂ ಜೇನು ಹಿಡಿಯುತ್ತದೆ. ಬಾಟಲಿಯನ್ನು ನೋಡಿ 500 ಗ್ರಾಂ ದರಕ್ಕೆ ಮಾರಿದವರು 200 ಗ್ರಾಂ ದಾನ ಮಾಡಿದಂತೆಯೇ.

ಉದಾಹರಣೆ 3: ಇಡ್ಲಿಯ ಹಿಟ್ಟು

ಬಿಡದಿಯ ತಟ್ಟೆ ಇಡ್ಲಿಯಿಂದಾಗಿ ಈ ಹೆದ್ದಾರಿಯ ಉಪಾಹಾರ ಮಂದಿರಗಳಿಗೆ ಒಳ್ಳೆಯ ಹೆಸರಿದೆ. ಇಂತಹ ಮಂದಿರಗಳಲ್ಲಿ ಪಾಕದ ಪ್ರಮಾಣವು ಸಾಮಾನ್ಯವಾಗಿ ಭಟ್ಟರ ಪಾವಿನಲ್ಲಿಯೇ ಇರುತ್ತದೆ. ನಾಲ್ಕು ಪಾವು ಅಕ್ಕಿ, ಒಂದು ಪಾವು ಉದ್ದಿನ ಬೇಳೆ, ಒಂದು ಪಾವು ಗಟ್ಟಿ ಅವಲಕ್ಕಿ ಎಂಬ ಒಂದು ಪ್ರಮಾಣವನ್ನು ತೆಗೆದುಕೊಳ್ಳೋಣ. ಎರಡನೆಯ ಶಾಖೆ ತೆರೆಯುವ ಮಾಲೀಕರು ಪಾವು ಎಂದರೆ ಕಾಲು ಕಿಲೋ ಎಂಬ ಲೆಕ್ಕದಲ್ಲಿ 1000 ಗ್ರಾಂ ಅಕ್ಕಿ, 250 ಗ್ರಾಂ ಉದ್ದು, 250 ಗ್ರಾಂ ಅವಲಕ್ಕಿ ಎಂದು ಬರೆದುಕೊಡುತ್ತಾರೆ.

ಅಕ್ಕಿ ಮತ್ತು ಉದ್ದಿನ ಬೇಳೆಗಳ ಲೀಟರ್ ತೂಕ ಹೆಚ್ಚುಕಡಿಮೆ ಸಮಾನವಾದ್ದರಿಂದ ಅವೆರಡರ ಪ್ರಮಾಣ ಕೆಡುವುದಿಲ್ಲ. ಅವಲಕ್ಕಿಯ ವಿಷಯ ಹಾಗಲ್ಲ. ನಿಜವಾದ ತೂಕ 820 ಗ್ರಾಂ ಅಕ್ಕಿಗೆ 100 ಗ್ರಾಂ ಅವಲಕ್ಕಿ, ಎಂದರೆ ಅಕ್ಕಿಯ ಶೇಕಡ 12ರಷ್ಟು. ಹೊಸ ಶಾಖೆಯಲ್ಲಿ ಅದು ಶೇಕಡ 25 ಆಗುತ್ತದೆ, ಎರಡರಷ್ಟು. ಇಡ್ಲಿಯ ಗುಣ ಬದಲಾಗುತ್ತದೆ. ಹೊಸ ಭಟ್ಟರ ಕೈಗುಣ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬರಲಾಗುತ್ತದೆ. ದೋಷವಿದ್ದದ್ದು ಕೈಗುಣದಲ್ಲಲ್ಲ, ಪರಿವರ್ತನೆಯಲ್ಲಿ.

ಆದುದರಿಂದ ಅನುಭವಿ ಪಾಕತಜ್ಞರು ಕೆಲಸದಲ್ಲಿರುವಾಗಲೇ, ಅವರು ತಮ್ಮ ಪಾವಿನಲ್ಲಿ ಅಳೆದ ಪ್ರತಿಯೊಂದು ಪದಾರ್ಥವನ್ನು ಪಾತ್ರೆಗೆ ಹಾಕುವ ಮುನ್ನ ತೂಗಿ ಗ್ರಾಂಗಳಲ್ಲಿ ಬರೆದಿಡಬೇಕು. ಮೂರು ದಿನಗಳ ಸರಾಸರಿ ತೆಗೆದರೆ ಅದು ಸಂಸ್ಥೆಯ ಆಸ್ತಿಯಾಗುತ್ತದೆ. ಖರೀದಿಯು ಕಿಲೋದಲ್ಲಿ ಆಗುವುದರಿಂದ, ಒಂದು ಇಡ್ಲಿಯ ವೆಚ್ಚವನ್ನು ಲೆಕ್ಕ ಹಾಕುವುದಕ್ಕೂ ಇದೇ ದಾರಿ.

ಪೊಟ್ಟಣದ ಮೇಲೆ ಪಾಕವಿಧಾನ ಮುದ್ರಿಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಚಮಚ ಮತ್ತು ಕಪ್ಪುಗಳೂ ಒಂದೇ ತೆರನಲ್ಲ. ಟೀ ಚಮಚ 5 ಮಿಲಿಲೀಟರ್, ದೊಡ್ಡ ಚಮಚ 15 ಮಿಲಿಲೀಟರ್ ಎಂಬುದು ವಾಡಿಕೆ. ಅಮೆರಿಕದ ಕಪ್ಪು ಸುಮಾರು 237 ಮಿಲಿಲೀಟರ್, ಮೆಟ್ರಿಕ್ ಕಪ್ಪು 250 ಮಿಲಿಲೀಟರ್. ಆದಕಾರಣ ಎರಡು ಚಮಚ ಎಂದು ಮಾತ್ರ ಬರೆಯದೆ ಅದರ ಮುಂದೆ ಗ್ರಾಂ ತೂಕವನ್ನೂ ಬರೆಯುವುದು ಲೇಸು.

ಉದಾಹರಣೆ 4: ಹಾಲು ಮತ್ತು ತೇವಾಂಶ

ಬೆಂಗಳೂರು ಹಾಲು ಒಕ್ಕೂಟಕ್ಕೆ ಹಾಲು ಪೂರೈಸುತ್ತ ಬಂದಿರುವ ಈ ಭಾಗದಲ್ಲಿ ಹಾಲು ಲೀಟರ್ ಎಂಬುದು ಎಲ್ಲರ ಬಾಯಲ್ಲಿದೆ. ಆದರೆ ಕೊಬ್ಬಿನ ಅಂಶವನ್ನು ತೂಕದ ಶೇಕಡಾವಾರಿನಲ್ಲಿ ಹೇಳುವುದು ರೂಢಿ. ಪೇಡ, ಖೋವ, ತುಪ್ಪ ತಯಾರಿಸುವವರು ಶೇಕಡ 4 ಕೊಬ್ಬಿನ 100 ಲೀಟರ್ ಹಾಲಿನಲ್ಲಿ 4 ಕಿಲೋ ಕೊಬ್ಬಿದೆ ಎಂದು ಲೆಕ್ಕ ಹಾಕುತ್ತಾರೆ. 100 ಲೀಟರ್ ಹಾಲು 103 ಕಿಲೋ ತೂಗುವುದರಿಂದ ಕೊಬ್ಬು 4.12 ಕಿಲೋ. ದಿನಕ್ಕೆ ಸಾವಿರ ಲೀಟರ್ ಬಳಸುವ ಘಟಕದಲ್ಲಿ ಈ ವ್ಯತ್ಯಾಸ 1.2 ಕಿಲೋ ಕೊಬ್ಬಾಗುತ್ತದೆ. ಇದನ್ನು ಗಮನಿಸದಿದ್ದರೆ ಇಳುವರಿಯ ಲೆಕ್ಕದಲ್ಲಿ ಅಷ್ಟು ಕೊಬ್ಬು ಕಣ್ಣಿಗೆ ಬೀಳದೆ ಹೋಗುತ್ತದೆ.

ಕಾಳುಗಳಲ್ಲಿ ಸಮಸ್ಯೆ ತೇವಾಂಶದ್ದು. ಶೇಕಡ 14 ತೇವಾಂಶವಿದ್ದ 100 ಕಿಲೋ ರಾಗಿಯಲ್ಲಿ ಒಣ ಅಂಶ 86 ಕಿಲೋ. ಗೋದಾಮಿನಲ್ಲಿ ಒಣಗಿ ತೇವಾಂಶ ಶೇಕಡ 12ಕ್ಕೆ ಇಳಿದರೆ ಒಟ್ಟು ತೂಕ 97.73 ಕಿಲೋಗೆ ಇಳಿಯುತ್ತದೆ. ಕ್ವಿಂಟಾಲಿಗೆ 2.27 ಕಿಲೋ ಕೊರತೆ. ಇದು ಪರಿವರ್ತನೆಯ ದೋಷವಲ್ಲ, ಕಳವೂ ಅಲ್ಲ. ಖರೀದಿಯ ದಿನ ಮತ್ತು ಬೀಸುವ ದಿನದ ತೇವಾಂಶವನ್ನು ಬರೆದಿಟ್ಟವರು ಮಾತ್ರ ಇದನ್ನು ಸಾಬೀತುಪಡಿಸಬಲ್ಲರು.

ಲೆಕ್ಕಪುಸ್ತಕಗಳಲ್ಲಿ ಅನುಸರಿಸಬೇಕಾದ ಕ್ರಮ

ಸರಕು ಮತ್ತು ಸೇವಾ ತೆರಿಗೆಯ 56ನೆಯ ನಿಯಮದ ಮೇರೆಗೆ, ರಾಜಿ ತೆರಿಗೆ ಪದ್ಧತಿಯವರನ್ನು ಬಿಟ್ಟು ಉಳಿದ ನೋಂದಾಯಿತ ವ್ಯಕ್ತಿಗಳು ಆರಂಭಿಕ ದಾಸ್ತಾನು, ಸ್ವೀಕೃತಿ, ಪೂರೈಕೆ, ನಷ್ಟ, ತ್ಯಾಜ್ಯ ಮತ್ತು ಉಳಿಕೆಗಳ ಲೆಕ್ಕವನ್ನು ಇಡಬೇಕು. ವಿವರಪಟ್ಟಿಯಲ್ಲಿ ಸರಕಿನ ಸಂಕೇತದೊಂದಿಗೆ ಪರಿಮಾಣದ ಏಕಮಾನವನ್ನೂ ಕೊಡಬೇಕಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯಡಿಯ ಲೆಕ್ಕಪರಿಶೋಧನೆಯ 3ಸಿಡಿ ನಮೂನೆಯ 35ನೆಯ ಅಂಕಣವೂ ತಯಾರಕರಿಂದ ಕಚ್ಚಾ ಸಾಮಗ್ರಿಯ ಬಳಕೆ, ಇಳುವರಿಯ ಶೇಕಡಾವಾರು, ಕೊರತೆ ಅಥವಾ ಹೆಚ್ಚಳಗಳ ವಿವರವನ್ನು ಕೇಳಿದೆ. ಇವೆಲ್ಲಕ್ಕೂ ಒಂದೇ ಏಕಮಾನದ ಲೆಕ್ಕ ಬೇಕು. ವರ್ತಕರು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಪ್ರತಿಯೊಂದು ಪದಾರ್ಥಕ್ಕೂ ದಾಸ್ತಾನಿನ ಏಕಮಾನ ಒಂದೇ ಇರಲಿ. ಆಹಾರ ಪದಾರ್ಥಗಳಿಗೆ ಕಿಲೋ ಉತ್ತಮ. ತೂಕವು ಉಷ್ಣಾಂಶದಿಂದಲೂ ಕುಲುಕುವುದರಿಂದಲೂ ಬದಲಾಗುವುದಿಲ್ಲ.

2. ಲೀಟರಿನಲ್ಲಿ ಬಂದ ಬಿಲ್ಲನ್ನು ದಾಸ್ತಾನಿಗೆ ತೆಗೆದುಕೊಳ್ಳುವಾಗ ಬಿಲ್ಲಿನ ಪರಿಮಾಣ, ಲೀಟರ್ ತೂಕ ಮತ್ತು ಕಿಲೋ ಎಂಬ ಮೂರು ಕಲಮುಗಳಿರಲಿ. ಬಿಲ್ಲಿನ ಅಂಕಿಯನ್ನು ಬದಲಿಸಬಾರದು. ಪರಿವರ್ತನೆಯು ಪಕ್ಕದಲ್ಲಿ ಕಾಣಬೇಕು.

3. ಲೀಟರ್ ತೂಕದ ಪರೀಕ್ಷೆಗೆ ಪ್ರತ್ಯೇಕ ಪುಸ್ತಕವಿರಲಿ. ದಿನಾಂಕ, ಲಾಟು, ಐದು ತೂಕಗಳು, ಸರಾಸರಿ, ಪರೀಕ್ಷಿಸಿದವರ ಸಹಿ ಇಷ್ಟು ಸಾಕು. ಹಿಟ್ಟು ಮತ್ತು ಪುಡಿಗಳಿಗೆ ಪ್ರತಿ ಲಾಟಿಗೂ, ಕಾಳುಗಳಿಗೆ ಪ್ರತಿ ಖರೀದಿಗೂ, ಎಣ್ಣೆಗೆ ಬೇಸಿಗೆಯಲ್ಲಿ ಮತ್ತು ಚಳಿಗಾಲದಲ್ಲಿ ಪರೀಕ್ಷೆ ನಡೆಯಲಿ.

4. ಕೊರತೆಯನ್ನು ಪರಿವರ್ತನೆಯ ವ್ಯತ್ಯಾಸ, ತೇವಾಂಶದ ಇಳಿಕೆ, ತಯಾರಿಕಾ ನಷ್ಟ, ಕಾರಣ ತಿಳಿಯದ ಕೊರತೆ ಎಂದು ನಾಲ್ಕು ಭಾಗ ಮಾಡಿ ಬರೆಯಿರಿ. ನಾಲ್ಕನೆಯದರ ಮೇಲೆ ಮಾಲೀಕರ ಕಣ್ಣಿರಬೇಕು.

5. ತಕ್ಕಡಿ ಮತ್ತು ಅಳತೆ ಪಾತ್ರೆಗಳಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ನಿಗದಿತ ಅವಧಿಗೊಮ್ಮೆ ಸತ್ಯಾಪನೆ ಮಾಡಿಸಿ, ಪ್ರಮಾಣಪತ್ರವನ್ನು ಕಾಣುವಂತೆ ಇರಿಸಿ. ತಕ್ಕಡಿಯೇ ತಪ್ಪಾಗಿದ್ದರೆ ಮೇಲಿನ ಎಲ್ಲ ಶ್ರಮವೂ ವ್ಯರ್ಥ.

ಉಪಸಂಹಾರ

ಕಣದಲ್ಲಿ ಧಾನ್ಯ ಅಳೆಯುವಾಗ ನಮ್ಮ ರೈತರು ಮೊದಲ ಅಳತೆಯನ್ನು ಒಂದು ಎನ್ನದೆ ಲಾಭ ಎಂದು ಎಣಿಸುವ ಸಂಪ್ರದಾಯವಿದೆ. ಶುಭವನ್ನು ಕೋರುವ ಆ ಮಾತಿನಲ್ಲಿ ವರ್ತಕರಿಗೂ ಒಂದು ಅರ್ಥವಿದೆ. ಆಹಾರ ಪದಾರ್ಥಗಳ ವ್ಯಾಪಾರದಲ್ಲಿ ಲಾಭದ ಅಂತರವು ಅನೇಕ ವೇಳೆ ಶೇಕಡ 3ರಿಂದ 8ರೊಳಗೆ ಇರುತ್ತದೆ. ಹಿಟ್ಟಿನ ಲೀಟರ್ ತೂಕದ ಏರಿಳಿತವೂ, ಲೀಟರ್ ಮತ್ತು ಕಿಲೋ ಎಣ್ಣೆಯ ವ್ಯತ್ಯಾಸವೂ ಅಷ್ಟೇ ಪ್ರಮಾಣದ್ದು. ಹೀಗಿರುವಾಗ ಪರಿವರ್ತನೆಯ ಒಂದು ತಪ್ಪು ಇಡೀ ವರ್ಷದ ಲಾಭವನ್ನು ನುಂಗಬಲ್ಲದು.

ಒಂದು ಪಾತ್ರೆ, ಒಂದು ತಕ್ಕಡಿ, ಒಂದು ನೋಟ್ ಪುಸ್ತಕ, ದಿನಕ್ಕೆ ಹತ್ತು ನಿಮಿಷ: ಬೇಕಾದ ಹೂಡಿಕೆ ಇಷ್ಟೇ. ಸದಸ್ಯ ಬಂಧುಗಳು ಈ ತಿಂಗಳಿನಲ್ಲಿಯೇ ತಮ್ಮ ಘಟಕದಲ್ಲಿ ಹೆಚ್ಚು ಬಳಕೆಯಾಗುವ ಐದು ಪದಾರ್ಥಗಳ ಲೀಟರ್ ತೂಕವನ್ನು ಪರೀಕ್ಷಿಸಿ, ಕಳೆದ ವರ್ಷದ ದಾಸ್ತಾನಿನ ಕೊರತೆಯೊಡನೆ ಹೋಲಿಸಿ ನೋಡಬೇಕೆಂದು ಕೋರುತ್ತೇನೆ. ಕೊರತೆಯಲ್ಲಿ ಎಷ್ಟು ಭಾಗ ಕಾಗದದ ಮೇಲಿನದು, ಎಷ್ಟು ಭಾಗ ನಿಜವಾದದ್ದು ಎಂಬುದು ಆಗ ತಾನಾಗಿಯೇ ತಿಳಿದುಬರುವುದು.